ನಮ್ಮಮ್ಮ ತೊಟ್ಟಿ ತೊಳೆದ ದಿನ

ನನ್ನ ಮದುವೆ ಒಂದು ತೊಟ್ಟಿ ಕೆಸರಿನ ದೆಸೆಯಿಂದ ಮುರಿದುಬೀಳುವುದರಲ್ಲಿತ್ತು. ಈಗ ಆ ಮಾತು ತೆಗೆದರೆ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ ಬಿಡಿ, ಅವರಿಗೇನು? ಅವತ್ತು ಅಳು ನುಂಗಿಕೊಂಡವನು ನಾನು.

ಯುದ್ಧದ ಕಾಲ. ಅರಿಶಿನಕುಂಟೆಯ ಆಚೆ, ರಸ್ತೆ ಪಕ್ಕದಲ್ಲಿ ಸಿಪಾಯಿಗಳ ಕ್ಯಾಂಪು ಬಿದ್ದಿತ್ತು. ಅಷ್ಟೂ ಜನರ ಸ್ನಾನದ್ದು, ಅಡುಗೆಯದು, ಪಾಯಿಖಾನೆಯದು, ಎಲ್ಲ ನೀರೂ ಹಿಂದುಗಡೆಯ ಸಿಮೆಂಟು ತೊಟ್ಟಿಗೆ ಬರುತ್ತಿತ್ತು. ತೊಟ್ಟಿಯ ತಳದಲ್ಲಿ ತೂತು ಕೊರೆದ ಕೊಳವೆಗಳಿದ್ದವು. ಎಂಜಿನ್ನು ಅವುಗಳೊಳಗೆ ಗಾಳಿ ಊದುತ್ತಿತ್ತು, ನೀರು ಸಾರು ಕುದಿದ ಹಾಗೆ ಗುಳುಗುಳು ಅನ್ನುತ್ತಿತ್ತು. ಆ ನೀರಿನಲ್ಲಿ ಸದಾ ಕಂದುಬಣ್ಣದ ಕೆಸರು ತೇಲಾಡುತ್ತಿತ್ತು. ನೋಡಿದವರೆಲ್ಲ ಅದನ್ನು ಕೊಳೆ ಅಂದುಕೊಳ್ಳುತ್ತಿದ್ದರು. ಅದು ಕೊಳೆಯಲ್ಲ, ಕೊಳೆಯನ್ನು ತಿನ್ನುವುದೇ ಅದು. ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಗಾಳಿ ಕುಡಿದು, ಕೊಳೆ ತಿಂದು ಬದುಕುತ್ತವೆ. ಮುಂದಿನ ಚಿಕ್ಕ ತೊಟ್ಟಿಯಲ್ಲಿ ಕೆಸರು ತಳಕ್ಕಿಳಿದು ಮೇಲಿನ ತಿಳಿನೀರು ಹರಿದುಹೋಗುತ್ತಿತ್ತು. ತಳದ ಕೆಸರನ್ನು ಮತ್ತೆ ದೊಡ್ಡ ತೊಟ್ಟಿಗೇ ಬಿಡುತ್ತಿದ್ದೆವು. ಇದನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನದು. ತೊಟ್ಟಿಯ ಪಕ್ಕದಲ್ಲೇ ಇರಲು ಒಂದು ಹೆಂಚಿನ ಮನೆಯನ್ನೂ ಕೊಟ್ಟಿದ್ದರು.

ಕೆಲಸವಿತ್ತು, ಮನೆಯಿತ್ತು, ಹೆಣ್ಣು ಕೊಡುವವರು ಮಾತ್ರ ಇರಲಿಲ್ಲ. ‘ಗಲೀಜು ನೀರು ಕಾಯೋನು’ ಎಂದು ಮೂಗು ಮುರಿಯುತ್ತಿದ್ದರು. ಕೊನೆಗೆ ಕುಂದಾಣದ ಕಡೆ ಒಂದು ಹುಡುಗಿಯನ್ನು ನೋಡಿಬಂದೆ. ಕಾಫಿ ಲೋಟ ಕೊಡುವಾಗ ಅವಳು ನನ್ನ ಎಣ್ಣೆ ಸುರಿಯುವ ಕ್ರಾಪು ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನಿಸಿದೆ. ಅವಳಪ್ಪ ರಾಗಿ ಬೆಳೆಯುವ ಗಟ್ಟಿ ಆಸಾಮಿ. "ಮನೆ ನೋಡಾಕೆ ಬರ್ತೀನಿ, ಆಮ್ಯಾಕೆ ಮಾತು. ವಾಸ್ನೆ ಗೀಸ್ನೆ ಬಂತೋ, ನನ್ ಮಗಳನ್ನ ಕೊಡಾಕಿಲ್ಲ, ಈಗ್ಲೇ ಹೇಳಿವ್ನಿ" ಎಂದರು. ನನಗೆ ಹೆದರಿಕೆಯಾಗಲಿಲ್ಲ. ಸರಿಯಾಗಿ ನಡೆಯುವ ತೊಟ್ಟಿ ನಾರುವುದಿಲ್ಲ, ಮಳೆ ಬಿದ್ದ ಹೊಲದ ವಾಸನೆ ಬರುತ್ತದೆ.

ಅವರು ಬರುವ ದಿನ ಬೆಳಿಗ್ಗೆಯೇ ಹತ್ತಿರದ ನಮ್ಮೂರಿಂದ ನಮ್ಮಮ್ಮ, ಸೋದರಮಾವ ಗಾಡಿ ಕಟ್ಟಿಕೊಂಡು ಬಂದರು. ನಾನು ಎಲೆ ಅಡಿಕೆ, ಬಾಳೆಹಣ್ಣು ತರಲು ನೆಲಮಂಗಲಕ್ಕೆ ಹೊರಟೆ. "ಒಂಚೂರು ಕ್ಲೀನ್ ಮಾಡಿರಮ್ಮ" ಎಂದು ಬಾಯಿತಪ್ಪಿ ಅಂದುಬಿಟ್ಟೆ ನೋಡಿ! ಬೀಗರಾಗುವವರು ಮನೆ ನೋಡಲು ಬರುತ್ತಾರೆಂದರೆ ನಮ್ಮ ಕಡೆ ಬಾಗಿಲಿನಿಂದ ಹಿತ್ತಿಲಿನವರೆಗೂ ಸಾರಿಸಿ, ಸುಣ್ಣ ಬಳಿಯುತ್ತಾರೆ. ನಮ್ಮಮ್ಮನ ಲೆಕ್ಕದಲ್ಲಿ ತೊಟ್ಟಿಯೂ ಹಿತ್ತಿಲಿಗೇ ಸೇರಿತ್ತು.

ಮಧ್ಯಾಹ್ನ ತಿರುಗಿ ಬರುವಾಗ ಎಂಜಿನ್ನಿನ ಸದ್ದಿಲ್ಲ. ಓಡಿಬಂದು ನೋಡಿದರೆ ತೊಟ್ಟಿ ಬರಿದು! ಒಳಬರುವ ನೀರಿಗೆ ಹಲಗೆ ಅಡ್ಡ ಕೊಟ್ಟು, ತೂಬು ತೆಗೆದು, ಎರಡೂ ತೊಟ್ಟಿಗಳನ್ನು ತಿಕ್ಕಿ ತೊಳೆದು, ಗೋಡೆಗೆ ಸುಣ್ಣ ಬಳಿದಿದ್ದರು. ಕಟ್ಟೆಯ ಮೇಲೆ ರಂಗೋಲಿ ಬೇರೆ.

"ನೋಡ್ಲಾ, ಹೆಂಗೆ ಫಳಫಳ ಅಂತೈತೆ!" ಅಂದಳು ನಮ್ಮಮ್ಮ, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ.

"ಒಳ್ಳೇ ಹೂಳು ಕಣ್ಲಾ! ಒಂದ್ ಗಾಡಿ ಆಗ್ಲೇ ನಮ್ ಹೊಲಕ್ಕೆ ಹಾಕ್ಬಂದೆ. ಇನ್ನೊಂದ್ ಗಾಡಿ ಹೊಂಗೆ ಮರದ ಕೆಳಗೈತೆ" ಅಂದ ನಮ್ಮ ಸೋದರಮಾವ. ಅಕ್ಕಿ ಗಿರಣಿಯಲ್ಲಿ ನೋಡಿ ಕಲಿತದ್ದರಿಂದ ಎಂಜಿನ್ನು ನಿಲ್ಲಿಸಿದವನೂ ಅವನೇ. ಗೊಬ್ಬರದಂಥ ಹೂಳು ಕಂಡ ರೈತ ಸುಮ್ಮನಿರುತ್ತಾನೆಯೇ?

ನಾನು ಕೂಗಾಡಿದೆ, ಟವಲು ನೆಲಕ್ಕೆ ಬಡಿದೆ. ಆದರೆ ನೀರನ್ನು ತಡೆದಿಟ್ಟರೆ ಕ್ಯಾಂಪಿನ ಚರಂಡಿ ಉಕ್ಕುತ್ತದೆ. ಹಲಗೆ ತೆಗೆದದ್ದೇ ತಡ, ಕಟ್ಟಿಕೊಂಡಿದ್ದ ನೀರೆಲ್ಲ ಬೂದಿ ಬಣ್ಣದಲ್ಲಿ, ನಾತ ಹೊಡೆಯುತ್ತಾ ನುಗ್ಗಿತು. ಗಾಳಿ ಹೆಚ್ಚು ಕೊಟ್ಟರೆ ನೀರು ಬೇಗ ತಿಳಿಯಾದೀತೆಂದು ಎಂಜಿನ್ನನ್ನು ಪೂರ್ತಿ ಜೋರು ಮಾಡಿದೆ. ತಿನ್ನುವ ಬಾಯೇ ಇಲ್ಲದ ಮೇಲೆ ಗಾಳಿ ಏನು ಮಾಡೀತು? ಸಿಪಾಯಿಗಳ ಸೋಪಿನ ನೀರು ಬೆಳ್ಳಗೆ ನೊರೆಯೆದ್ದು ಉಕ್ಕಿತು. ರಂಗೋಲಿ ಮುಳುಗಿಸಿ, ಕಟ್ಟೆ ಹತ್ತಿ, ಅಂಗಳಕ್ಕಿಳಿಯಿತು.

"ಈಗ ನೋಡು, ಎಷ್ಟು ಬೆಳ್ಳಗೈತೆ!" ಎಂದು ನಮ್ಮಮ್ಮ ಹಿಗ್ಗುತ್ತಿರುವಾಗಲೇ ಹುಡುಗಿಯ ಅಪ್ಪನ ಗಾಡಿ ಬಂದು ನಿಂತಿತು.

ಅವರು ಇಳಿದರು. ಮಡಿ ಪಂಚೆಯ ಅಂಚಿಗೆ ನೊರೆ ಮೆತ್ತಿಕೊಂಡಿತು. ಮೂಗಿಗೆ ಟವಲು ಅಡ್ಡ ಹಿಡಿದವರೇ, ಒಳಗೂ ಬಾರದೆ, ತಮ್ಮ ಗಾಡಿಯವನಿಗೆ "ತಿರುಗ್ಸಪ್ಪಾ" ಅಂದು ಮತ್ತೆ ಗಾಡಿ ಹತ್ತಿದರು. ಗಾಡಿಯ ಹಿಂದೆ ನಡೆಯುತ್ತಲೇ ಕೆಸರಿನ ಕಥೆಯನ್ನೆಲ್ಲ ಹೇಳತೊಡಗಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಹಿಂದಿನಿಂದ ನಮ್ಮಮ್ಮ ಕೇಳಿಸಿಕೊಂಡಳು.

"ಏನ್ಲಾ, ಆ ಕೆಸರಿದ್ರೇನೇ ನೀರು ತಿಳಿಯಾಗೋದಾ?"

"ಹೂಂ ಕಣಮ್ಮ! ಹಾಲಿಗೆ ಹೆಪ್ಪು ಇದ್ದಂಗೆ!"

"ಅಯ್ಯಯ್ಯಪ್ಪೋ!" ನಮ್ಮಮ್ಮ ಬಾಯಿ ಬಡಿದುಕೊಂಡಳು. "ಗಡಿಗೆ ತೊಳೆಯಾಕೋಗಿ ಹೆಪ್ಪನ್ನೇ ತೊಳ್ದಾಕ್ಬಿಟ್ನಲ್ಲಪ್ಪೋ!"

ಗಾಡಿ ನಿಂತಿತು. ಹುಡುಗಿಯ ಅಪ್ಪ ಮೂಗಿನ ಟವಲು ತೆಗೆದು ನಮ್ಮಮ್ಮನನ್ನು ನೋಡಿದರು, ಸುಣ್ಣ ಮೆತ್ತಿದ ಅವಳ ಕೈ ನೋಡಿದರು, ಆಮೇಲೆ ಮೈಯೆಲ್ಲ ಕುಲುಕಿಸಿಕೊಂಡು ನಕ್ಕರು. "ಮಿಕ್ಕಿದ್ ಹೆಪ್ಪು ಎಲ್ಲೈತಪ್ಪಾ?" ಎಂದು ಇಳಿದು ಪಂಚೆ ಎತ್ತಿ ಕಟ್ಟಿದರು. ಹೊಂಗೆ ಮರದ ಕೆಳಗಿನ ಕೆಸರು ಇನ್ನೂ ಹಸಿಯಾಗಿತ್ತು, ಅದರ ಜೀವ ಪೂರ್ತಿ ಹೋಗಿರಲಿಲ್ಲ. ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಎನ್ನದೆ ಎಲ್ಲರೂ ಮಂಕರಿಗಳಲ್ಲಿ ಅದನ್ನು ಹೊತ್ತು ತಂದು ತೊಟ್ಟಿಗೆ ಸುರಿದೆವು. ಹೊಲಕ್ಕೆ ಹಾಕಿದ್ದನ್ನೂ ಬಳಿದು ತರುತ್ತೇನೆ ಎಂದ ನಮ್ಮ ಸೋದರಮಾವ; ಅವನನ್ನು ಹಿಡಿದು ಕೂರಿಸಬೇಕಾಯಿತು. ಕೈಕಾಲು ತೊಳೆದು ಉಪ್ಪಿಟ್ಟು ತಿಂದಮೇಲೂ ಹುಡುಗಿಯ ಅಪ್ಪ ಮಾತು ಕೊಡಲಿಲ್ಲ. "ನೀರು ತಿಳಿಯಾದ್ಮ್ಯಾಲೆ ಹೇಳ್ಕಳ್ಸು. ಅಲ್ಲೀಗಂಟ ಮದ್ವೆ ಮಾತು ಬ್ಯಾಡ" ಅಂದರು.

ಅಲ್ಲಿಂದ ನಾನು ತೊಟ್ಟಿ ಬಿಟ್ಟು ಅಲುಗಾಡಲಿಲ್ಲ. ಗಾಳಿಯನ್ನು ಹದಕ್ಕೆ ಇಳಿಸಿದೆ. ದಿನಾ ಗಾಜಿನ ಸೀಸೆಯಲ್ಲಿ ನೀರು ಹಿಡಿದು ಕೆಸರು ತಳಕ್ಕಿಳಿಯುವುದನ್ನು ಕಾಯುತ್ತಿದ್ದೆ. ಮೊದಮೊದಲು ಬರೀ ರಾಡಿ. ನಿಧಾನವಾಗಿ ನೊರೆ ಕುಗ್ಗಿತು, ಕಂದುಬಣ್ಣ ದಟ್ಟವಾಯಿತು, ಸೀಸೆಯ ಮೇಲ್ಭಾಗ ತಿಳಿಯಾಯಿತು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಮಳೆ ಬಿದ್ದ ಮಣ್ಣಿನ ವಾಸನೆ! ಖುಷಿಗೆ ಒಬ್ಬನೇ ನಿಂತು ಶಿಳ್ಳೆ ಹೊಡೆದೆ, ಕುಂದಾಣಕ್ಕೂ ನಮ್ಮಮ್ಮನಿಗೂ ಹೇಳಿ ಕಳಿಸಿದೆ.

ಹುಡುಗಿಯ ಅಪ್ಪ ಬಂದರು. ಹಿಂದೆಯೇ ಗಾಡಿಯಿಂದ ಹುಡುಗಿಯೂ ಇಳಿದಳು. ಮದುವೆಗೆ ಮುಂಚೆ ಹೆಣ್ಣು ಗಂಡಿನ ಮನೆ ಮೆಟ್ಟಿಲು ತುಳಿಯುವುದುಂಟೇ? ನಮ್ಮಮ್ಮ ಕಕ್ಕಾಬಿಕ್ಕಿಯಾದಳು. "ಇಲ್ಲಿ ಬಾಳೋಳು ಅವಳು ಕಣವ್ವ, ನಾನಲ್ಲ. ಅವಳೇ ನೋಡ್ಲಿ" ಅಂದರು ಅವಳಪ್ಪ.

ಅವಳು ನನ್ನ ಕಡೆ ನೋಡಲಿಲ್ಲ. ನೇರವಾಗಿ ಕಟ್ಟೆಯ ಹತ್ತಿರ ಹೋಗಿ ತೊಟ್ಟಿಯೊಳಗೆ ಬಗ್ಗಿದಳು. ಸೆರಗು ಮೂಗಿಗೆ ಹೋಗಲಿಲ್ಲ.

"ಗಾಳಿ ನಿಂತ್ರೆ ಏನಾಯ್ತದೆ?" ಎಂದು ಕೇಳಿದಳು.

"ಕೆಸರಿಗೆ ಉಸಿರು ಕಟ್ತದೆ. ಸತ್ತೋಯ್ತದೆ. ಒಂದ್ ಹೊತ್ತೂ ನಿಲ್ಲಿಸಂಗಿಲ್ಲ" ಅಂದೆ.

ಅವಳು ಗುಳುಗುಳು ಅನ್ನುವ ನೀರಿನೊಳಗೆ ಇನ್ನೊಮ್ಮೆ ಬಗ್ಗಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ಬಹಳ ಯೋಚನೆಯಿಂದ ಕೇಳಿದಳು:

"ಹಂಗಾದ್ರೆ ಅಪ್ಪಾ, ಧಾರೆ ದಿನ ಈ ಕೆಸರಿಗೆ ಗಾಳಿ ಬಿಡೋರ್ಯಾರು?"