ಡ್ರಾಯಿಂಗ್ ಮೇಷ್ಟ್ರ ಗಾಲಿಮನೆ

ಶಿಡ್ಲಘಟ್ಟದ ನಮ್ಮ ಡ್ರಾಯಿಂಗ್ ಮೇಷ್ಟ್ರು ಮೂಗು ಕೆರೆದುಕೊಂಡು "ಏನೂ ಆಗಲ್ಲ ಬಿಡಪ್ಪ" ಅಂದರೆ ಏನೋ ಆಗಿದೆ ಎಂದೇ ಅರ್ಥ. ಅವರಿಂದ ನಾನು ಕಲಿತದ್ದು ಆ ಮಾತೊಂದೇ, ಚಿತ್ರ ಬರಲಿಲ್ಲ.

ಊರೂರು ಸುತ್ತಲು ಅವರು ಒಳಗೇ ಹಾಸಿಗೆ, ಒಲೆ, ನೀರಿನ ಟ್ಯಾಂಕು ಇದ್ದ ಹಳೆಯ ಮಿಲಿಟರಿ ಗಾಲಿಮನೆಯೊಂದನ್ನು ಕೊಂಡು ಎತ್ತು ಕಟ್ಟಿದರು. ಹೊರಡುವ ಮೊದಲೇ ಒಳಗಿನ ನಲ್ಲಿ ಸೋರಿ ಹಾಸಿಗೆ ನೆನೆಯಿತು.

"ಈ ನೀರಿಂದ ಇನ್ನೊಂದ್ ತಂಟೆ ಬಂದ್ರೆ ಚಿಂತಾಮಣಿ ಬಸ್ ಹತ್ತಿ ಅಮ್ಮನ ಮನೇಗ್ ಹೊರಟೋಗ್ತೀನಿ!" ಎಂದರು ಮೇಷ್ಟ್ರ ಹೆಂಡತಿ.

ಪೈಪಿಗೆ ಸುತ್ತಲು ಸೆಣಬು ಸಿಗದೆ, ಮೇಷ್ಟ್ರು ರೇಷ್ಮೆ ನೂಲು ತೆಗೆಯುವವರ ಮನೆಯಿಂದ ಗೂಡಿನ ಕಸ ತಂದು ಸುತ್ತಿದರು. ಸೋರುವುದು ನಿಂತಿತು. ಆಕೆ ಖುಷಿಯಿಂದ ಅದೇ ನಲ್ಲಿಯ ನೀರಲ್ಲಿ ಕಾಫಿ ಮಾಡಿದರು. ಕಾಫಿಗೆಲ್ಲ ಸತ್ತ ರೇಷ್ಮೆಹುಳದ ವಾಸನೆ!

ಕೈಗೆಲಸಕ್ಕೆಂದು ಹೋಗಿದ್ದ ನಾನು ಮೂಗು ಕೆರೆದುಕೊಂಡು, "ಏನೂ ಆಗಲ್ಲ ಬಿಡಮ್ಮ" ಎಂದೆ. ಲೋಟ ನನ್ನ ಕಡೆ ಹಾರಿತು. ಆಕೆ ಬಸ್ ಹತ್ತಿಬಿಟ್ಟರು.

ಮೇಷ್ಟ್ರು ಎತ್ತುಗಳನ್ನು ಬಸ್ಸಿನ ಹಿಂದೆಯೇ ಹೊಡೆದರು. "ನಮ್ಮತ್ತೆ ಮನೆ ಅಂಗಳ ದೊಡ್ಡದು ಕಣೋ, ಗಾಲಿಮನೆ ಅಲ್ಲೇ ನಿಲ್ಲಿಸ್ಬೋದು, ಬಾವೀನೂ ಐತೆ. ಏನೂ ಆಗಲ್ಲ ಬಿಡಪ್ಪ."