ಜನರಲ್ ವಾರ್ಡಿನ ಭಾನುವಾರಗಳು

ಇವರು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು: ಎಷ್ಟು ಒಳ್ಳೆಯವರು, ಮುಖದಲ್ಲಿ ಯಾವಾಗಲೂ ನಗು. ನಾನು ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನ್ನ ಗಂಡನ ಆ ನಗು ನನಗೆ ನೆನಪಿಗೆ ಬರುವುದಿಲ್ಲ. ಬರುವುದು ಊಟದ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದ ತಲೆ, ಮಗಳ ಜಡೆ ಹೆಣೆಯುತ್ತ ಅರ್ಧಕ್ಕೇ ನಿಂತುಬಿಡುತ್ತಿದ್ದ ಬೆರಳು. ನಗು ಹೊರಗೇ ಮುಗಿದುಹೋಗುತ್ತಿತ್ತು ಎಂದು ಬರೆಯಲು ಹೊರಟಿದ್ದೆ. ಅದು ಅನ್ಯಾಯದ ಮಾತಾದೀತು. ನಾನೂ ದಣಿದಿದ್ದೆ, ನನ್ನ ಕಣ್ಣಿಗೆ ದಣಿವೇ ಕಂಡಿರಬಹುದು.

ತೊಂಬತ್ತರ ದಶಕದ ನಡುವಿನ ವರ್ಷಗಳು. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ಬಾಡಿಗೆ ಮನೆ. ಇವರು ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಬೆಳಗಿನ ಶಿಫ್ಟಾದರೆ ಐದಕ್ಕೆಲ್ಲ ಬುತ್ತಿ ಕಟ್ಟಿಸಿಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ಎಂ.ಎ. ಮುಗಿಸಿದ್ದ ನಾನು ಖಾಸಗಿ ಹೈಸ್ಕೂಲೊಂದರಲ್ಲಿ ಪಾಠ ಮಾಡುತ್ತಿದ್ದೆ. ಇಬ್ಬರಿಗೂ ಭಾನುವಾರ ರಜೆ. ಆ ಭಾನುವಾರವನ್ನು ಇವರು ಸರ್ಕಾರಿ ಆಸ್ಪತ್ರೆಗೆ ಕೊಟ್ಟಿದ್ದರು.

ಶುರುವಾದದ್ದು ಹೀಗೆ. ಇವರ ಜೊತೆ ಕೆಲಸ ಮಾಡುತ್ತಿದ್ದ ತಮಿಳಿನವರೊಬ್ಬರು ಕಾಮಾಲೆಯಾಗಿ ಜನರಲ್ ವಾರ್ಡಿನಲ್ಲಿ ಮಲಗಿದ್ದರು. ಈ ಕಡೆ ನೆಂಟರಿಲ್ಲ. ಗಡ್ಡ ಬೆಳೆದು ತುರಿಕೆಯಾಗಿ ಕೆರೆದುಕೊಳ್ಳುತ್ತಿದ್ದರಂತೆ. ಇವರು ಮನೆಯಿಂದ ಸಾಮಾನು ಒಯ್ದು ಗಡ್ಡ ತೆಗೆದರು. ಪಕ್ಕದ ಹಾಸಿಗೆಯ ಮುದುಕರು, ‘ಸ್ವಾಮಿ, ನಂಗೂ ಒಂದ್ ಕೈ ಆಡಿಸ್ಬಿಡಿ’ ಅಂದರು. ಮುಂದಿನ ವಾರ ಇನ್ನೆರಡು ಹಾಸಿಗೆ. ಆಮೇಲೆ ಅದು ನಿಲ್ಲಲೇ ಇಲ್ಲ.

ಶನಿವಾರ ಸಂಜೆ ಬಾಗಿಲಿಗೆ ಒರಗಿ ಕೂತು ಬ್ಲೇಡುಗಳನ್ನು ಕಾಗದದೊಳಗೇ ಬಾಗಿಸಿ ಎರಡು ತುಂಡು ಮಾಡುತ್ತಿದ್ದರು. ಒಬ್ಬರಿಗೆ ಹೊಸ ಅರ್ಧ ಬ್ಲೇಡು, ಒಬ್ಬರಿಗೆ ಹಾಕಿದ್ದು ಇನ್ನೊಬ್ಬರಿಗಿಲ್ಲ. ಭಾನುವಾರ ಮಧ್ಯಾಹ್ನ ಎರಡರ ಮೇಲೆ ಬರುವರು. ಅಷ್ಟರಲ್ಲಿ ನಾನು ಬಚ್ಚಲ ಒಲೆ ಉರಿಸಿರಬೇಕು, ಇವರ ಬಟ್ಟೆ ಬಿಸಿನೀರಿನಲ್ಲಿ ನೆನೆಸಬೇಕು, ಆರಿದ ಸಾರು ಮತ್ತೆ ಕಾಯಿಸಬೇಕು. ಒಮ್ಮೆ ನಾನು ಸಿಡುಕಿದಾಗ, ‘ಅವ್ರಿಗೂ ಕನ್ನಡಿ ನೋಡ್ಕೋಬೇಕು ಅನ್ಸುತ್ತೆ ಮಾರಾಯ್ತಿ’ ಅಂದಿದ್ದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ.

ಮಾವ, ಅಂದರೆ ಇವರ ಅಪ್ಪ, ನಮ್ಮ ಜೊತೆಗಿದ್ದರು. ಹೊಳೆಹೊನ್ನೂರಿನ ಗದ್ದೆಯನ್ನು ಗೇಣಿಗೆ ಕೊಟ್ಟು ಬಂದಿದ್ದರೂ ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಊರಿಗೆ ಹೋಗಿ, ಮೊದಲಿಂದ ಮಾಡುತ್ತಿದ್ದ ಕ್ಷೌರಿಕರ ಕೈಯಲ್ಲೇ ಕ್ಷೌರ ಮಾಡಿಸಿಕೊಂಡು ಬರುತ್ತಿದ್ದರು. ಸುಗ್ಗಿಯಲ್ಲಿ ಆ ಮನೆಗೆ ಇಷ್ಟು ಭತ್ತ ಎಂದು ಅವರಪ್ಪನ ಕಾಲದಿಂದ ನಡೆದುಬಂದಿತ್ತು. ನಮ್ಮ ಬೀದಿಯ ಕೊನೆಯಲ್ಲೇ ಕಟಿಂಗ್ ಶಾಪ್ ಇತ್ತು. ಆ ಕಡೆ ತಿರುಗಿಯೂ ನೋಡಿದವರಲ್ಲ. ಇಂಥವರಿಗೆ ಮಗ ಆಸ್ಪತ್ರೆಯಲ್ಲಿ ಏನು ಮಾಡುತ್ತಾನೆಂದು ಹೇಳುವುದು ಹೇಗೆ? ರೋಗಿಗಳಿಗೆ ಹಣ್ಣು ಹಂಚುತ್ತಾನೆಂದು ಅವರು ತಾವೇ ಅಂದುಕೊಂಡಿದ್ದರು. ನಾವು ತಿದ್ದಲಿಲ್ಲ.

ಒಂದು ಭಾನುವಾರ ಇವರು ಆಸ್ಪತ್ರೆಗೆ ಹೋಗಿದ್ದಾಗ ಊರಿನಿಂದ ಮಾವನ ಗೆಳೆಯರೊಬ್ಬರು ಬಂದರು. ಮಾವ ಮಗನ ಹಣ್ಣಿನ ದಾನವನ್ನು ಹೊಗಳುತ್ತ ಕೂತಿದ್ದರು. ಕಾಫಿ ತಂದ ನಾನು ಲೋಟ ಕೊಡುತ್ತ ಹೇಳಿದೆ: ‘ಹಣ್ಣಲ್ಲ ಮಾವ, ಶೇವಿಂಗ್ ಮಾಡ್ತಾರೆ. ಎಲ್ರಿಗೂ.’

ಹೆಮ್ಮೆಯಿಂದ ಹೇಳಿದೆ ಎಂದೇ ಇಷ್ಟು ವರ್ಷ ನನ್ನ ನೆನಪು. ಹಣ್ಣು ಹಂಚುವುದಕ್ಕಿಂತ ದೊಡ್ಡ ಕೆಲಸ ಎಂದು ತಿಳಿಯಲಿ ಅಂತ ಅಂದೆ, ಓದಿದವಳು, ಜಾತಿ ಕಸುಬು ಎಂಬುದನ್ನೆಲ್ಲ ನಂಬದವಳು. ಮೊನ್ನೆ ಹಳೆಯ ಡೈರಿ ತೆಗೆದು ಆ ದಿನದ ಪುಟ ಹುಡುಕಿದೆ. ನನ್ನದೇ ಅಕ್ಷರ: ‘ಮಾವನಿಗೆ ಹೇಳಿದೆ. ಇನ್ನಾದರೂ ಇವರು ಭಾನುವಾರ ಮನೆಯಲ್ಲಿದ್ದಾರು.’

ಊರಿನವರ ಎದುರು ಕೇಳಬೇಕಾಗಿ ಬಂದದ್ದೇ ಮಾವನಿಗೆ ಹೆಚ್ಚು ನೋವಾಗಿರಬೇಕು. ಅದನ್ನು ನಾನು ಆಗ ಯೋಚಿಸಲಿಲ್ಲವೋ, ಯೋಚಿಸಿಯೇ ಆ ಹೊತ್ತು ಆರಿಸಿಕೊಂಡೆನೋ, ಡೈರಿ ಹೇಳುವುದಿಲ್ಲ. ಅಂದಿನಿಂದ ಅವರು ಮಗನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಕೂಗಾಟವಿಲ್ಲ. ಏನಿದ್ದರೂ ನನ್ನ ಮೂಲಕ. ‘ಅವನಿಗೆ ಹೇಳಮ್ಮ, ಮಾತ್ರೆ ಮುಗೀತು ಅಂತ.’ ಮಗ ಎರಡು ಮಾರು ದೂರದಲ್ಲೇ ನಿಂತಿರುತ್ತಿದ್ದರು. ಇವರು ಮಾತ್ರ ಎಂದಿನಂತೆ, ‘ಅಪ್ಪಾ, ಹೋಗ್ಬರ್ತೀನಿ’ ಎಂದು ಹೇಳಿಯೇ ಕೆಲಸಕ್ಕೆ ಹೊರಡುವರು. ಅಪ್ಪ ಒಮ್ಮೆ ಹೂಂ ಅಂದರೆ ಸಾಕಿತ್ತು ಇವರಿಗೆ. ಅದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ, ಆದರೆ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದರು. ಭಾನುವಾರದ ಹೋಗಾಟವೂ ನಿಲ್ಲಲಿಲ್ಲ. ನಾನು ಅಂದುಕೊಂಡದ್ದು ಯಾವುದೂ ಆಗಲಿಲ್ಲ.

ಎರಡು ವರ್ಷ ಹೀಗೇ ಕಳೆಯಿತು. ಮಾವ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮಲಗಿದಲ್ಲೇ ಎಲ್ಲ. ಬೆಳಗಿನ ಶಿಫ್ಟಿನ ವಾರ ಸಂಜೆ, ಉಳಿದ ದಿನ ಬೆಳಿಗ್ಗೆ, ಮಗನೇ ಮೈ ಒರೆಸಿ ಬಟ್ಟೆ ಬದಲಿಸುತ್ತಿದ್ದರು. ಅದಕ್ಕೆ ಮಾವ ಬೇಡವೆನ್ನಲಿಲ್ಲ. ಗಡ್ಡ ಬೆಳೆಯಿತು. ಒಂದು ದಿನ ಇವರು ಬಟ್ಟಲಲ್ಲಿ ನೀರು, ಬ್ರಷ್ಷು ತಂದು ಪಕ್ಕದಲ್ಲಿ ಕೂತರು. ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಇವರು ಎದ್ದು, ನೀರನ್ನು ಗಿಡಕ್ಕೆ ಚೆಲ್ಲಿ ಬಂದರು.

ಮರುದಿನ ಹೊಳೆಹೊನ್ನೂರಿಗೆ ಹೋಗಿ ಆ ಹಳೆಯ ಕ್ಷೌರಿಕರನ್ನು ಕರೆದುಕೊಂಡು ಬಂದರು. ಮಳೆ ಬರುತ್ತಿತ್ತು ಎಂದು ನನ್ನ ನೆನಪು. ಮಗಳು ಬಿಸಿಲಿತ್ತು ಅನ್ನುತ್ತಾಳೆ. ಬಂದವರಿಗೂ ಮಾವನಷ್ಟೇ ವಯಸ್ಸು. ಕತ್ತಿ ಹಿಡಿದ ಕೈ ನೋಡಿದರೆ ನನಗೆ ಭಯವಾಯಿತು. ಅವರೇ ಹೇಳಿದರು:

‘ಗೌಡ್ರೇ, ನನ್ ಕೈ ನಡುಗ್ತದೆ. ನಿಮ್ ಮಗನ ಕೈ ನೆಟ್ಟಗದೆ. ಅವರತ್ರ ಮಾಡಿಸ್ಕಳಿ.’

‘ನಡುಗಿದ್ರೂ ನೀನೇ ಮಾಡು,’ ಅಂದರು ಮಾವ.

‘ನಿಮ್ ಗಲ್ಲ ಹೋದ್ರೆ ನನ್ನ ಕೇಳ್ಬ್ಯಾಡಿ ಮತ್ತೆ.’

ಮಾವ ನಕ್ಕರು. ತಿಂಗಳುಗಳ ಮೇಲೆ ನಕ್ಕದ್ದು. ಇವರು ತಂದೆಯ ತಲೆಯನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. ಗಲ್ಲದ ಮೇಲೆ ಎರಡು ಕಡೆ ರಕ್ತ ಬಂತು. ಇವರು ಹತ್ತಿಯಿಂದ ಒತ್ತಿದರು. ಮಗನ ಅಂಗೈಯಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿಕೊಂಡಿದ್ದ ಮಾವ ಕೊನೆಗೂ ಏನಾದರೂ ಅನ್ನುತ್ತಾರೆಂದು ನಾನು ಬಾಗಿಲಲ್ಲಿ ಕಾದೆ. ಅವರು ಕಣ್ಣು ಬಿಟ್ಟು, ಕ್ಷೌರಿಕರ ಕಡೆ ಕೈ ತೋರಿಸಿ ನನಗೆ ಹೇಳಿದರು, ‘ಇವರಿಗೆ ಊಟ ಹಾಕಿ ಕಳಿಸಮ್ಮ.’

ಆಮೇಲೆ ಮಾವ ಹೆಚ್ಚು ದಿನ ಉಳಿಯಲಿಲ್ಲ. ಹೋದ ದಿನ ಮುಖದ ಮೇಲೆ ಒಂದು ವಾರದ ಬಿಳಿ ಗಡ್ಡವಿತ್ತು. ಮೈ ತೊಳೆಸಲು ಸೇರಿದ್ದ ಹಿರಿಯರೊಬ್ಬರು, ನೀನೇ ತೆಗೆದುಬಿಡಪ್ಪ, ನಿನಗೆ ಬರುತ್ತಲ್ಲ, ಅಂದರು. ಯಾರಿಗೂ ಆಗ ಅದು ತಪ್ಪಾಗಿ ಕಾಣಲಿಲ್ಲ. ಇವರು ಒಪ್ಪಲಿಲ್ಲ. ‘ಬೇಡ. ಅವ್ರು ಬೇಡ ಅಂದಿದ್ರು.’ ವಿಭೂತಿ ಹಚ್ಚಿ ಕೂರಿಸಿದಾಗ ಮಾವನ ಮುಖ ನನಗೆ ಗುರುತೇ ಸಿಗದ ಯಾರದೋ ಮುಖದಂತಿತ್ತು.

ಕೆಲವು ದಿನಗಳ ಮೇಲೆ, ನಾನು ಅಕ್ಕಿ ಆರಿಸುತ್ತ ಕೂತಿದ್ದಾಗ, ಇವರು ಬಂದು ಎದುರು ಕೂತರು.

‘ಅಪ್ಪಂಗೆ ಯಾರು ಹೇಳಿದ್ದು ಅಂತ ನಿಂಗೇನಾದ್ರೂ ಗೊತ್ತಾ?’

ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ನಾನು ಮೊರದಿಂದ ಕಣ್ಣೆತ್ತಲಿಲ್ಲ. ‘ಅವತ್ತು ಊರಿಂದ ಬಂದಿದ್ರಲ್ಲ, ಅವ್ರೇ ಹೇಳಿರ್ಬೇಕು,’ ಅಂದೆ.

‘ಇರ್ಬೋದು. ಪಾಪ, ಬೇಕಂತ ಹೇಳಿರಲ್ಲ ಬಿಡು,’ ಎಂದು ಇವರು ಎದ್ದು ಹೋದರು.

ಆ ಮಾತು ಇವರ ಬಾಯಿಂದ ಬಂದದ್ದು ಹೌದೆಂದು ನನಗೆ ಖಾತ್ರಿಯಿದೆ. ಉಳಿದದ್ದರ ಬಗ್ಗೆ ಅಷ್ಟು ಧೈರ್ಯದಿಂದ ಹೇಳಲಾರೆ. ಆಮೇಲೂ ಹಲವು ವರ್ಷ ಜೊತೆಗಿದ್ದೆವು. ಹೇಳಲು ಎಷ್ಟೋ ಸಂಜೆಗಳಿದ್ದವು. ಹೇಳಿದ್ದರೆ ನನಗೂ ಅದನ್ನೇ ಅನ್ನುತ್ತಿದ್ದರು, ಬೇಕಂತ ಹೇಳಿರಲ್ಲ ಎಂದು. ಬೇಕೆಂದೇ ಹೇಳಿದವಳು ಅದನ್ನು ಕೇಳಿಸಿಕೊಂಡು ಸುಮ್ಮನಿರಬೇಕಾಗುತ್ತಿತ್ತು.