ಕಟೌಟಿನ ಅಳತೆ

ಅಥವಾ ಅಂಗಿ ಹಸಿರಾಗಿರಲೇ ಇಲ್ಲವೇನೋ, ಬಣ್ಣ ಆಮೇಲೆ ನೆನಪಿನಲ್ಲಿ ನಾನೇ ಹಚ್ಚಿದ್ದಿರಬಹುದು. ಕುರುಗೋಡಿನ ನಮ್ಮ ಟೈಲರು ಅದನ್ನು ತನ್ನ ಮೆಚ್ಚಿನ ನಟನಿಗಾಗಿ ಹೊಲಿದದ್ದಂತೂ ನಿಜ. ಅವನೊಬ್ಬನೇ ಸದಸ್ಯನಿದ್ದ ಅಭಿಮಾನಿ ಸಂಘಕ್ಕೆ ಅವನೇ ಅಧ್ಯಕ್ಷ. ಬಳ್ಳಾರಿಯ ಟಾಕೀಸಿನ ಮುಂದಿದ್ದ ಕಟೌಟಿಗೆ ಏಣಿ ಹಾಕಿ, ಟೇಪಿನಿಂದ ಎದೆ, ತೋಳು ಅಳೆದು, ನಟ ಆರೂವರೆ ಅಡಿ ಎಂದು ತಾನೇ ತೀರ್ಮಾನಿಸಿ ಅದಕ್ಕೆ ತಕ್ಕಂತೆ ಅಳತೆ ಇಳಿಸಿದ್ದ. ನಮ್ಮ ಬಟ್ಟೆ ಕೇಳಿದರೆ, “ತಡೀರಿ ಮಾಸ್ತರ, ಸಾಹೇಬ್ರ ಅಂಗಿ ಐತಿ” ಎನ್ನುತ್ತಿದ್ದ.

ನಟ ಬಳ್ಳಾರಿಗೆ ಬಂದ ದಿನ ಟೈಲರು ನನ್ನನ್ನೂ ಕರೆದೊಯ್ದ.

“ನೀವು ಸಾಕ್ಷಿ. ಅವರು ಒಮ್ಮಿ ತೊಟ್ರ ಸಾಕ್ರಿ, ನನ್ನ ಹುಚ್ಚ ಅನ್ನೋರ ಬಾಯಿ ಮುಚ್ಚತೈತಿ.”

ನಟ ನಗುತ್ತ ಟೈಲರು ಕೊಟ್ಟ ಅಂಗಿಯನ್ನು ಮೈಗೆ ಹಿಡಿದುಕೊಂಡ. ಅದು ಮೊಣಕಾಲು ಮುಟ್ಟಿತು.

“ಲೇ ಟೈಲರ್, ಇದರಾಗ ಇಬ್ಬರು ಹೀರೋ ಹಿಡೀತಾರಲೇ!” ಎಂದು ಗುಂಪಿನಿಂದ ಯಾರೋ ಕೂಗಿದರು.

ಟೈಲರು ಅಂಗಿಯ ಕಡೆ ನೋಡಲೇ ಇಲ್ಲ. ನಟನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಅಂಗಿ ವಾಪಸು ಇಸಕೊಂಡು ಮಡಚಿದ.

“ನಡೀರಿ ಮಾಸ್ತರ. ಇವ್ರು ಅವರಲ್ಲ. ನನ್ನ ಅಳತಿ ತಪ್ಪಂಗಿಲ್ಲ.”

ಅದನ್ನು ಅವನು ನಂಬಿದ್ದನೋ, ಸಾಕ್ಷಿಗೆ ಬಂದ ನನಗಾಗಿ ಹಾಗಂದನೋ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದೆ, ಕೇಳಲಿಲ್ಲ.